ಅಕ್ಕೋರು ಕೈ ಎತ್ತಿದರೆ ತಲೆ ಮುಚ್ಚಿಕೊಳ್ಳುವ ಮಗು

ಬೋರ್ಡ್ ಒರೆಸಲು ಅಕ್ಕೋರು ಕೈ ಎತ್ತಿದ್ದಷ್ಟೆ, ಮುಂದಿನ ಬೆಂಚಿನ ಹುಡುಗ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳುತ್ತಾನೆ. ಇನ್ನೊಬ್ಬಳಿಗೆ ದಿನಾ ಪ್ರಾರ್ಥನೆ ಹೊತ್ತಿಗೇ ಹೊಟ್ಟೆನೋವು. ಪೆಟ್ಟು ತಿಂದ ಮಕ್ಕಳಷ್ಟೇ ಅಲ್ಲ, ಮನೆಯಲ್ಲಿ ಅಮ್ಮನಿಗೆ ಬೀಳುವ ಪೆಟ್ಟು ನೋಡಿದ ಮಕ್ಕಳೂ ಆಘಾತದಿಂದ ಹೀಗೆ ಆಗುತ್ತಾರೆ. ಬೆಚ್ಚುವುದು, ನಿದ್ದೆಗೆಡುವುದು, ಪಾಠ ತಲೆಗೆ ಹತ್ತದಿರುವುದು ಒಂದು ತಿಂಗಳು ದಾಟಿದರೆ ಮಾನಸಿಕ ತಜ್ಞರಿಗೆ ತೋರಿಸಲೇಬೇಕು.

ಅಲ್ಲಿಯವರೆಗೆ ತರಗತಿಯಲ್ಲಿ ಮಾಡುವುದು ಬಹಳ ಇದೆ. ಬಾಗಿಲು ಕಾಣುವ ಹಾಗೆ, ಬೆನ್ನಿಗೆ ಗೋಡೆ ಇರುವ ಜಾಗ ಕೊಡಿ. ದಿನದ ವೇಳಾಪಟ್ಟಿ ಬೋರ್ಡಿನ ಮೂಲೆಯಲ್ಲಿರಲಿ; ಬದಲಾದರೆ ಮೊದಲೇ ಹೇಳಿ. ಮೇಜಿಗೆ ಡಸ್ಟರ್ ಕುಟ್ಟಬೇಡಿ, ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ. ಮಗು ಹೆದರಿ ಬಿಗಿದುಕೊಂಡಾಗ ಅಂಗಾಲು ನೆಲಕ್ಕೆ ಊರಿಸಿ, ನಾಲ್ಕು ಎಣಿಸುತ್ತ ಉಸಿರು ಎಳೆದು ಆರು ಎಣಿಸುತ್ತ ಬಿಡಲು ಹೇಳಿ, ಐದಾರು ಸಲ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ಇಳಿಯುತ್ತದೆ. ಬೆತ್ತ ಹಿಡಿದು ಇದನ್ನೆಲ್ಲ ಕಲಿಸಿ ಏನೂ ಪ್ರಯೋಜನವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಹೀಯಾಳಿಸುವುದನ್ನೂ ನಿಷೇಧಿಸಿದೆ.

ನಮ್ಮ ಕರಾವಳಿಯಲ್ಲಿ ಒಂದು ತೊಡಕಿದೆ. ಹಲವು ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಲೆಕ್ಕ ಕನ್ನಡದಲ್ಲಿ ಮಾಡುವ ಮಗು ಹೆದರಿಕೆಯನ್ನು ಕನ್ನಡದಲ್ಲಿ ಹೇಳಲಾರದು. ಸುಮ್ಮನಿದ್ದರೆ ಮೊಂಡು ಅನ್ನಬೇಡಿ. ಕೊಂಕಣಿ ಬಲ್ಲ ಶಿಕ್ಷಕರಿದ್ದರೆ ಅವರೇ ಮಾತಾಡಲಿ. ಬಿಸಿಯೂಟದ ಅಕ್ಕನನ್ನು ದುಭಾಷಿ ಮಾಡಿದರೆ ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ. ಅಕ್ಕ ಒಳ್ಳೆಯವಳೇ, ಆದರೆ ಕೇರಿ ಸಣ್ಣದು.

ಶಾಲೆಯಲ್ಲೇ ಗುಂಪು ಚಿಕಿತ್ಸೆ ಕೊಡುವ ಕ್ರಮವೂ ಇದೆ. ಅಮೆರಿಕದ ಲಾಸ್ ಏಂಜಲೀಸ್ ಶಾಲೆಗಳಲ್ಲಿ, ಆಘಾತಕ್ಕೊಳಗಾದ ಮಕ್ಕಳಿಗಾಗಿ ರೂಪುಗೊಂಡ ಸಿಬಿಐಟಿಎಸ್ ಎಂಬ ಕ್ರಮದಲ್ಲಿ ಹತ್ತು ಗುಂಪು ಭೇಟಿ, ಒಂದರಿಂದ ಮೂರು ಒಬ್ಬೊಬ್ಬರ ಭೇಟಿ. ಆದ ಘಟನೆಯನ್ನು ಬಿಡಿಸಿ ಹೇಳಿಸುವುದು ಒಬ್ಬೊಬ್ಬರ ಭೇಟಿಯಲ್ಲಿ, ಅದೂ ತರಬೇತಾದವರ ಎದುರು. ಅರ್ಧ ತಿಳಿದು ತರಗತಿಯಲ್ಲಿ ಮಾಡಹೋದರೆ ಗಾಯ ಕೆದರಿದಂತೆ. ಶಿರಸಿ ಕಡೆಯವರಿಗೆ ತಜ್ಞರನ್ನು ಕಾಣಲು ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರಲು ದಿನವೇ ಬೇಕು, ಹಾಗಾಗಿ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ: ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಗು "ಯಾರಿಗೂ ಹೇಳಬೇಡಿ" ಅಂದರೆ ಹೂಂ ಅನ್ನಬೇಡಿ. "ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳ್ತೇನೆ" ಅನ್ನಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆ. ಬೇರೆ ಹಿಂಸೆಗೆ ಮಕ್ಕಳ ಸಹಾಯವಾಣಿ 1098. ಮೂರ್ನಾಲ್ಕು ಜನ ಸೇರಿ "ಆಂತರಿಕ ವಿಚಾರಣೆ" ಅಂತ ಕೇಳಿದ್ದನ್ನೇ ಕೇಳಿದರೆ ಮಗುವಿನ ಮಾತು ಬದಲಾಗುತ್ತ ಹೋಗಿ ಮುಂದೆ ಕೇಸೇ ಸಡಿಲವಾಗುತ್ತದೆ. ಮಗು ಹೇಳಿದ ಶಬ್ದಗಳನ್ನೇ ತಾರೀಕು, ಹೊತ್ತು ಹಾಕಿ ಬರೆದಿಡಿ. ಹೊಡೆದವರು ಮನೆಯವರೇ ಅನ್ನುವ ಅನುಮಾನವಿದ್ದರೆ ಮೊದಲ ಫೋನ್ ಮನೆಗೆ ಹೋಗಬಾರದು.