ಅಳಲಿನೊಳಗಿನ ಉರಿ

ಗುರುವಾರ ಮಂಡಕ್ಕಿ ಭಟ್ಟಿ ಕಡೆ ಒಂದು ಮಣ್ಣಿಗೆ ಹೋಗಿದ್ದೆ. ತೀರಿಕೊಂಡದ್ದು ನಲವತ್ತೂ ತುಂಬದ ಮಗ, ಹೃದಯಾಘಾತ. ತಾಯಿ ತಲೆದೆಸೆಯಲ್ಲಿ ಕೂತಿದ್ದರು. ಕಣ್ಣಲ್ಲಿ ಒಂದು ಹನಿ ಇಲ್ಲ. ಸುತ್ತ ಕೂತ ಹೆಂಗಸರಿಗೆ ಅದೇ ದೊಡ್ಡ ಚಿಂತೆಯಾಗಿತ್ತು.

"ಅತ್ತುಬಿಡು ಯವ್ವಾ, ಹಗುರ ಆಗ್ತೈತಿ" ಅಂತ ಒಬ್ಬಾಕೆ ಬೆನ್ನು ಸವರಿದರು.

"ಅಳು ಎಲ್ಲೈತವ್ವಾ? ಸುಡ್ತೈತಿ. ಬರೇ ಸುಡ್ತೈತಿ."

ಅಷ್ಟೇ ಹೇಳಿ ಮಗನ ಹಣೆಯ ವಿಭೂತಿ ಸರಿಮಾಡಿದರು. ಬಾಗಿಲ ಬಳಿ ನಿಂತಿದ್ದ ಸಂಬಂಧಿಕರೊಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು: "ಕಲ್ಲೆದಿ ಬಿಡ್ರಿ. ಹೆತ್ತಾಕಿ ಹಿಂಗ ಕುಂದ್ರಾಕ ಆಗ್ತೈತೇನು?" ಸತ್ತವನ ಅಪ್ಪನೂ ಅಂಗಳದಲ್ಲಿ ಒಣಗಣ್ಣಲ್ಲೇ ಕೂತಿದ್ದರು. ಅವರ ಬಗ್ಗೆ ಇದೇ ಮನುಷ್ಯ ಸ್ವಲ್ಪ ಹೊತ್ತಿನ ಹಿಂದೆ "ಗಟ್ಟಿ ಜೀವ, ತಡಕೊಂಡಾರ" ಅಂದಿದ್ದರು. ಸಾವಿನ ಮನೆಗೆ ಬಂದು ಯಾರು ಎಷ್ಟು ಅತ್ತರು ಅಂತ ಲೆಕ್ಕ ಹಿಡಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಲೆಕ್ಕದಲ್ಲಿ ಹೆಂಗಸರಿಗೊಂದು, ಗಂಡಸರಿಗೊಂದು ತಕ್ಕಡಿ ಇಡುವವರನ್ನಂತೂ ಇನ್ನೂ ಆಗುವುದಿಲ್ಲ.

'ಸುಡ್ತೈತಿ' ಅನ್ನುವುದು ತಲೆಯಿಂದ ಹೋಗಲೇ ಇಲ್ಲ. ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವಳು. 'ಅಳಲು' ಎಂಬ ಪದ ಪ್ರತಿದಿನ ಕಣ್ಣ ಮುಂದೆ ಹಾದುಹೋಗುತ್ತದೆ. ಭದ್ರಾ ನಾಲೆಯ ನೀರು ಕೊನೆ ಭಾಗಕ್ಕೆ ಬರಲಿಲ್ಲ, ರೈತರ ಅಳಲು. ಮೆಕ್ಕೆಜೋಳಕ್ಕೆ ಬೆಲೆ ಇಲ್ಲ, ಬೆಳೆಗಾರರ ಅಳಲು. ಬಸ್ಸು ನಿಲ್ಲಿಸುವುದಿಲ್ಲ, ವಿದ್ಯಾರ್ಥಿಗಳ ಅಳಲು. ಓದುವವರು ಅದನ್ನು ಅಳುವಿನ ಜೊತೆ ಸೇರಿಸಿಕೊಳ್ಳುತ್ತಾರೆ, ಕಿವಿಗೆ ಹಾಗೇ ಕೇಳಿಸುತ್ತದೆ. ಆದರೆ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶದಲ್ಲಿ ಇವೆರಡೂ ಬೇರೆ ಬೇರೆ ನಮೂದುಗಳು. ಹಳಗನ್ನಡದಲ್ಲಿ ಅಳಲಿನ ರೂಪ ಅೞಲ್. ಆ 'ೞ' ಅಕ್ಷರ ನಮ್ಮಲ್ಲಿ ಅಳಿದು 'ಳ'ದಲ್ಲಿ ಬೆರೆತುಹೋಯಿತು. ತಮಿಳಿನಲ್ಲಿ ಅದು ಉಳಿದಿದೆ, ಅಲ್ಲಿ ಅೞಲ್ ಅಂದರೆ ಬೆಂಕಿ, ಉರಿ. ಮಲಯಾಳದಲ್ಲಿ ಅದೇ ಪದಕ್ಕೆ ಕಾವು ಎಂಬ ಅರ್ಥವೂ ಉಂಟು, ದುಃಖ ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ದುಃಖವಷ್ಟೇ ಉಳಿಯಿತು, ಬೆಂಕಿ ಒಳಗೆ ಸೇರಿಕೊಂಡಿತು.

ಉಳಿದ ಪದಗಳನ್ನೂ ನೋಡುತ್ತಾ ಹೋದೆ. ಬೇಗುದಿ ಅಂದರೆ ಬೇಯುವುದು, ಕುದಿಯುವುದು. ಸಂತಾಪದೊಳಗೆ ತಾಪ ಇದೆ. ನಿಧನ ವಾರ್ತೆಯ ಕೊನೆಗೆ 'ಗಣ್ಯರು ಸಂತಾಪ ಸೂಚಿಸಿದ್ದಾರೆ' ಅಂತ ಹಾಕುವಾಗ ಯಾರಿಗೆ ಯಾವ ಕಾವು ತಾಗಿರುತ್ತದೋ. ಶೋಕ ಬಂದದ್ದು ಸಂಸ್ಕೃತದ 'ಶುಚ್' ಧಾತುವಿನಿಂದ. ಹೊಳೆ, ಉರಿ ಅಂತ ಅದರ ಅರ್ಥ. ವೇದದ ಭಾಷೆಯಲ್ಲಿ ಶೋಕ ಅಂದರೆ ಜ್ವಾಲೆಯೂ ಹೌದು. ನಾವು ದಿನಾ ಆಡುವ 'ಶುಚಿ' ಕೂಡ ಅದೇ ಧಾತುವಿನ ಕೂಸು. ವಿಷಾದ ಒಂದೇ ಬೇರೆ ದಾರಿ ಹಿಡಿದಿದೆ. ಅದರ ಬೇರಿನಲ್ಲಿ ಕುಸಿದು ಕೂರುವುದಿದೆ, ಅರ್ಜುನ ಬಿಲ್ಲು ಬಿಟ್ಟು ರಥದಲ್ಲಿ ಕೂತ ಹಾಗೆ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷಾ ಕುಟುಂಬಗಳು ದುಃಖಕ್ಕೆ ಬೆಂಕಿಯನ್ನೇ ಆರಿಸಿಕೊಂಡಿವೆ. ಅನುಭವಿಸಿದವರು ಕೊಟ್ಟ ಹೆಸರುಗಳಿವು. ಬಾಗಿಲಲ್ಲಿ ನಿಂತು ನೋಡಿದವರು ಕೊಟ್ಟಿದ್ದರೆ ಎಲ್ಲದರಲ್ಲೂ ಕಣ್ಣೀರೇ ಇರುತ್ತಿತ್ತು.

ಆ ತಾಯಿಗೆ ಬೆಂಕಿ ಹೊಸದಲ್ಲ. ಮದುವೆಯಾಗಿ ಬಂದಾಗಿನಿಂದ ಭಟ್ಟಿಯ ಬಾಯಿಗೆ ಭತ್ತದ ಹೊಟ್ಟು ಸುರಿದವರು. ಮೇಲೆ ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳುತ್ತಿದ್ದರೆ ಕೆಳಗೆ ಇವರ ಮುಖ ಕೆಂಪಗೆ ಕಾಯುತ್ತಿತ್ತು. ಮೊಣಕೈವರೆಗೆ ಸುಟ್ಟ ಕಲೆಗಳಿವೆ, ಹೊಸ ಚರ್ಮ ಬಂದ ಕಡೆ ಬಿಳಿಚಿಕೊಂಡಿದೆ. ಹೊಟ್ಟಿನ ಬೆಂಕಿ ಸೌದೆಯಂತೆ ಭುಗ್ಗೆಂದು ಏಳುವುದಿಲ್ಲ. ಮೇಲೆ ಕರೀ ಬೂದಿ, ಕೆದಕಿದರೆ ಒಳಗೆಲ್ಲ ಕೆಂಡ, ಮಾರನೇ ದಿನಕ್ಕೂ ಆರಿರುವುದಿಲ್ಲ. ಸುಡುವುದು ಅಂದರೆ ಏನು ಅಂತ ಅವರಿಗೆ ಗೊತ್ತು. ಅವರು ಬಾಯಿಗೆ ಬಂದದ್ದನ್ನು ಆಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಳು ಬಂದರೆ ಬರಲಿ, ಬಾರದಿದ್ದರೆ ಅದನ್ನು ಎಳೆದು ತರಿಸುವ ಹಕ್ಕು ನಮಗಿಲ್ಲ. ಬೆನ್ನು ಸವರಿದಾಕೆಯದು ಒಳ್ಳೆಯ ಮನಸ್ಸು, ಅದರಲ್ಲಿ ಸಂಶಯವಿಲ್ಲ. ಆದರೆ ಅವರು ಕೈ ಹಿಡಿದು ಸುಮ್ಮನೆ ಕೂತಿದ್ದರೆ ಸಾಕಿತ್ತು.

ನಿನ್ನೆ ರಾತ್ರಿ ಪಾಳಿಯಲ್ಲಿ 'ರಸ್ತೆ ಗುಂಡಿ: ಸವಾರರ ಅಳಲು' ಅಂತ ಒಂದು ತಲೆಬರಹ ಬಂತು. 'ದೂರು' ಅಂತ ತಿದ್ದಿದೆ. "ಯಾಕಮ್ಮಾ, ಅಳಲು ಚಲೋ ಇತ್ತಲ್ಲ?" ಅಂದರು ಡೆಸ್ಕಿನ ಹಿರಿಯರು. "ಇದಕ್ಕೆ ದೂರು ಸಾಕು ಸಾರ್" ಅಂದೆ. ಅವರು ಒಪ್ಪಿದರು. ಬೋರ್‌ವೆಲ್ ಬತ್ತಿ, ಫಲಕ್ಕೆ ಬಂದ ಅಡಿಕೆ ತೋಟ ನಿಂತಲ್ಲೇ ಒಣಗಿದ ಚನ್ನಗಿರಿ ಕಡೆಯ ರೈತನ ಸುದ್ದಿಯೂ ಅದೇ ಪುಟದಲ್ಲಿತ್ತು. ಅಲ್ಲಿದ್ದ ಅಳಲನ್ನು ಮುಟ್ಟಲಿಲ್ಲ.