ರೀಸೆಟ್ ಹೊಡಿಯೋಕೆ ಮುಂಚೆ ಕೇಳಬೇಕಾಗಿದ್ದ ಮಾತು

ಬೆಂಗಳೂರಿನ ಜಯನಗರದ ಕಡೆ ಎಲ್ಲಾ ಬ್ರ್ಯಾಂಡ್ ಫೋನೂ ನೋಡೋ ಒಂದು ಸರ್ವಿಸ್ ಸೆಂಟರ್‌ನಲ್ಲಿ ಕೌಂಟರ್ ನೋಡ್ಕೋತೀನಿ, ಆರು ವರ್ಷ ಆಯ್ತು. ದೊಡ್ಡ ಅಪ್ಡೇಟ್ ಬಿಟ್ಟ ವಾರ ಅಂದ್ರೆ ನಾವು ಶಟರ್ ಎತ್ತೋ ಹೊತ್ತಿಗೆ ಮೆಟ್ಟಿಲ ಮೇಲೆ ಜನ ಕೂತಿರ್ತಾರೆ, ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಕಥೆ. ರಾತ್ರಿ ಅಪ್ಡೇಟ್ ಕೇಳ್ತು, ಓಕೆ ಕೊಟ್ಟು ಮಲಗಿದೆ, ಬೆಳಗ್ಗೆ ಎದ್ದು ನೋಡಿದ್ರೆ ಲೋಗೋದಲ್ಲೇ ನಿಂತಿದೆ.

ಸೇರಿದ ಹೊಸದರಲ್ಲಿ ನಾನು ಕಲ್ತಿದ್ದು ಇಷ್ಟೇ: ಟೋಕನ್ ಕೊಡು, ಜಾಬ್ ಶೀಟ್ ಬರಿ, ಡೇಟಾ ಹೋದ್ರೆ ನಮ್ಮ ಜವಾಬ್ದಾರಿ ಅಲ್ಲ ಅನ್ನೋ ಸಾಲಿನ ಕೆಳಗೆ ಸೈನ್ ಹಾಕಿಸ್ಕೋ, ರಿಕವರಿ ಮೋಡ್‌ಗೆ, ಅಂದ್ರೆ ಫೋನ್ ಏಳದಿದ್ದಾಗ ಸರಿಮಾಡೋಕೆ ಇರೋ ಮೆನುಗೆ, ಹೋಗಿ ರೀಸೆಟ್ ಹೊಡಿ, ಅಂದ್ರೆ ಒಳಗಿರೋದೆಲ್ಲಾ ಅಳಿಸಿ ಹೊಸ ಫೋನಿನ ಥರ ಮಾಡು. ಅರ್ಧ ಗಂಟೆಲಿ ಫೋನ್ ಆನ್ ಆಗುತ್ತೆ, ಮುಂದಿನ ಟೋಕನ್ ಕರಿ.

ಹಂಗೇ ಒಂದಿನ ಶ್ರೀನಗರದಿಂದ ಒಬ್ರು ಟೈಲರ್ ಅಕ್ಕ ಬಂದ್ರು. ಜಾಬ್ ಶೀಟ್ ಇಂಗ್ಲಿಷ್‌ನಲ್ಲಿತ್ತು, ನಾನು ಬೆರಳು ಇಟ್ಟು ಇಲ್ಲಿ ಸೈನ್ ಮಾಡಿ ಅಂದೆ, ಅವರು ಮಾಡಿದ್ರು. ರೀಸೆಟ್ ಆದ್ಮೇಲೆ ಫೋನು ಹಳೇ ಜಿಮೇಲ್ ಪಾಸ್‌ವರ್ಡ್ ಕೇಳ್ತು. ಕಳ್ಳತನ ಆದ ಫೋನನ್ನ ಯಾರೂ ರೀಸೆಟ್ ಮಾಡಿ ಬಳಸಬಾರದು ಅಂತ ಆಂಡ್ರಾಯ್ಡ್ 5.1ರಿಂದ ಇರೋ ಲಾಕ್ ಅದು, ಒಳ್ಳೇದೇ, ಆದ್ರೆ ಅಕ್ಕನ ಜಿಮೇಲ್ ಮಾಡಿಕೊಟ್ಟಿದ್ದು ಅವರ ತಂಗಿ ಮಗ, ಅವನು ಮೈಸೂರಲ್ಲಿ, ಅವನಿಗೆ ಫೋನ್ ಹಚ್ಚಿ ಪಾಸ್‌ವರ್ಡ್ ತರಿಸೋ ಹೊತ್ತಿಗೆ ಮಧ್ಯಾಹ್ನ ಆಯ್ತು. ಕೊನೆಗೆ ಫೋನ್ ತೆಗೆದು ಗ್ಯಾಲರಿ ನೋಡಿದ್ರು. ಖಾಲಿ. ಅಳತೆ ಬರೆದ ಪುಸ್ತಕ ಮಳೆನೀರಲ್ಲಿ ನೆಂದುಹೋಗಿತ್ತಂತೆ, ಅವತ್ತಿಂದ ಪ್ರತಿಯೊಬ್ಬರ ಬ್ಲೌಸ್ ಅಳತೆ, ಕುತ್ತಿಗೆ ಡಿಸೈನು, ಯಾರ ಮದುವೆಗೆ ಯಾವ ತಾರೀಕು ಕೊಡ್ಬೇಕು, ಎಲ್ಲಾ ಚೀಟಿಲಿ ಬರೆದು ಫೋಟೋ ಹೊಡೆದು ಇಟ್ಕೊಂಡಿದ್ರು. ಅವರು ಜಗಳ ಆಡ್ಲಿಲ್ಲ. "ಒಂದು ಮಾತು ಕೇಳಿದ್ರೆ ಏನಾಗ್ತಿತ್ತಪ್ಪಾ?" ಅಂದ್ರು ಅಷ್ಟೇ. ನನ್ನ ಹತ್ರ ಉತ್ತರ ಇರ್ಲಿಲ್ಲ, ಸೈನ್ ಇರೋ ಕಾಗದ ಇತ್ತು.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, ಎಸ್‌ಪಿ ರೋಡಲ್ಲಿ ಯಾರೋ ದುಡ್ಡು ಕೊಟ್ರೆ ಫೋಟೋ ತೆಗೆದುಕೊಡ್ತೀನಿ ಅಂತಿದ್ದಾರೆ, ಕೊಡ್ಲಾ ಅಂದ್ರು. ಬೇಡ ಅಕ್ಕ ಅಂದೆ. ಈಗಿನ ಫೋನಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗೇ, ಅಂದ್ರೆ ಕೀಲಿ ಇಲ್ಲದೆ ಓದೋಕಾಗದ ಹಂಗೆ, ಇರುತ್ತೆ, ರೀಸೆಟ್ ಹೊಡೆದಾಗ ಅದರ ಕೀಲಿನೇ ಅಳಿಸಿಹೋಗುತ್ತೆ, ಆಮೇಲೆ ಯಾವ ಸಾಫ್ಟ್‌ವೇರ್ ತಂದ್ರೂ ಬರಲ್ಲ. ಇಲ್ಲ ಅನ್ನೋದನ್ನ ನೇರವಾಗಿ ಹೇಳೋದೂ ನಮ್ಮ ಕೆಲಸನೇ ಅಂತ ಅವತ್ತು ಅನ್ನಿಸ್ತು, ಕನಿಷ್ಠ ಅವರ ದುಡ್ಡಾದ್ರೂ ಉಳೀತು.

ಆಮೇಲೆ ನಮ್ಮ ಹಿರಿಯ ಟೆಕ್ನಿಷಿಯನ್ ಹತ್ರ ಕೂತು ಕೇಳಿ ಕಲಿತೆ. ಅಪ್ಡೇಟ್ ಅರ್ಧಕ್ಕೆ ನಿಂತ್ರೆ ಹೆಚ್ಚಿನ ಸಲ ಕೆಟ್ಟಿರೋದು ಸಿಸ್ಟಮ್ ಭಾಗ, ಜನರ ಫೋಟೋ ಇರೋ ಭಾಗ ಬೇರೆ. ಆಂಡ್ರಾಯ್ಡ್ 7ರ ಹೊತ್ತಿಗೆ, ಅಂದ್ರೆ 2016ರಲ್ಲಿ, ಸಿಸ್ಟಮ್‌ಗೆ ಎರಡು ಸ್ಲಾಟ್ ಇಡೋ ಪದ್ಧತಿ ಬಂತು, ಒಂದರಲ್ಲಿ ಫೋನ್ ನಡೀತಿರುತ್ತೆ, ಇನ್ನೊಂದರಲ್ಲಿ ಅಪ್ಡೇಟ್ ಬರ್ಕೊಳ್ಳುತ್ತೆ, ಹೊಸದು ಏಳಲಿಲ್ಲ ಅಂದ್ರೆ ತಾನೇ ಹಳೇದಕ್ಕೆ ವಾಪಸ್ ಹೋಗುತ್ತೆ. ಆದ್ರೆ ಎಲ್ಲಾ ಫೋನಲ್ಲೂ ಇದಿಲ್ಲ, ಎಷ್ಟೋ ಫೋನಲ್ಲಿ ಇರೋ ಸಿಸ್ಟಮ್ ಮೇಲೇ ಬರೆಯೋದು, ನಡುವೆ ಚಾರ್ಜ್ ಹೋದ್ರೆ ಅಲ್ಲಿಗೆ ನಿಂತಂಗೆ. ಅಂಥದ್ದಕ್ಕೆ ಮೊದಲು ಫೋರ್ಸ್ ರೀಸ್ಟಾರ್ಟ್, ಅಂದ್ರೆ ಬಟನ್ ಒತ್ತಿ ಹಿಡಿದು ಬಲವಂತವಾಗಿ ಮತ್ತೆ ಆನ್ ಮಾಡೋದು, ಆಮೇಲೆ ರಿಕವರಿಲಿ ಕ್ಯಾಶ್ (ಫೋನ್ ತಾತ್ಕಾಲಿಕವಾಗಿ ಇಟ್ಕೊಂಡಿರೋ ಫೈಲು) ಅಷ್ಟೇ ಅಳಿಸೋ ಆಯ್ಕೆ ಇದ್ರೆ ಅದು, ಆಮೇಲೆ ಡೇಟಾ ಮುಟ್ಟದೆ ಅದೇ ಸಾಫ್ಟ್‌ವೇರ್ ಇನ್ನೊಂದು ಸಲ ಹಾಕೋದು. ರೀಸೆಟ್ ಬರಬೇಕಾಗಿದ್ದು ಎಲ್ಲಕ್ಕಿಂತ ಕೊನೆಗೆ, ನಾನು ಅದನ್ನ ಮೊದಲು ಮಾಡ್ತಿದ್ದೆ.

ಈಗ ಫೋನ್ ಕೈಗೆ ತಗೊಂಡ ತಕ್ಷಣ ಕೇಳೋದು, ಇದರಲ್ಲಿ ಮಾತ್ರ ಇರೋದು, ಬೇರೆ ಎಲ್ಲೂ ಇಲ್ಲದಿರೋದು ಏನಾದ್ರೂ ಇದ್ಯಾ ಅಂತ. ಸೈನ್ ಹಾಕಿಸೋ ಸಾಲನ್ನ ಕನ್ನಡದಲ್ಲಿ ಓದಿ ಹೇಳ್ತೀನಿ. ಸಿಮ್ ತೆಗೆದು ಅವರ ಕೈಗೇ ಕೊಡ್ತೀನಿ, ಮನೆಲಿ ಹಳೇ ಸೆಟ್ ಇದ್ರೆ ಹಾಕ್ಕೊಳ್ಳಿ ಓಟಿಪಿ ಬರುತ್ತೆ ಅಂತ, ಜೊತೆಗೆ ಮನೆಯವರದ್ದೋ ಪಕ್ಕದ ಮನೆಯವರದ್ದೋ ನಂಬರ್ ಬರ್ಕೋತೀನಿ. ಫೋನೇ ನಮ್ಮ ಹತ್ರ ಇಟ್ಕೊಂಡು ರೆಡಿ ಆದ್ರೆ ನಿಮ್ಮ ನಂಬರ್‌ಗೆ ಕಾಲ್ ಮಾಡ್ತೀವಿ ಅಂತ ಎಷ್ಟು ಜನಕ್ಕೆ ಹೇಳಿ ಕಳಿಸಿದೀನೋ. ನೀವೇನೋ ಒತ್ತಿರ್ತೀರ ಅನ್ನೋದನ್ನಂತೂ ಪೂರ್ತಿ ಬಿಟ್ಟೆ, ಅಪ್ಡೇಟ್‌ನಿಂದ ಆಗಿದ್ರೆ ಅಪ್ಡೇಟ್‌ನಿಂದ ಆಗಿದೆ ಅಂತಲೇ ಜಾಬ್ ಶೀಟ್‌ನಲ್ಲಿ ಬರೀತೀನಿ, ಯಾಕಂದ್ರೆ ಕಂಪನಿಯವರು ಸ್ಪಂದಿಸದೆ ಅವರು 1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ದೂರು ಕೊಡೋ ಹಂಗಾದ್ರೆ ಕೈಲಿರೋದು ಆ ಒಂದು ಕಾಗದನೇ.

ಮೊನ್ನೆ ಒಬ್ರು ರಿಟೈರ್ಡ್ ಮೇಷ್ಟ್ರು ಐಫೋನ್ ತಂದಿದ್ರು, ಅದೂ ಅಪ್ಡೇಟ್ ಆಗ್ತಾ ನಿಂತಿದ್ದು. ಕಂಪ್ಯೂಟರ್‌ಗೆ ಹಾಕಿದ್ರೆ ಅಪ್ಡೇಟ್, ರೀಸ್ಟೋರ್ ಅಂತ ಎರಡು ಬಟನ್ ಬರುತ್ತೆ, ಮೊದಲನೇದು ಡೇಟಾ ಉಳಿಸಿ ಸಾಫ್ಟ್‌ವೇರ್ ಹಾಕೋಕೆ ನೋಡುತ್ತೆ, ಎರಡನೇದು ಎಲ್ಲಾ ಅಳಿಸುತ್ತೆ. ಡೌನ್‌ಲೋಡ್ 15 ನಿಮಿಷ ದಾಟಿದ್ರೆ ಫೋನ್ ರಿಕವರಿಯಿಂದ ಹೊರಗೆ ಬಂದ್ಬಿಡುತ್ತೆ, ನಮ್ಮ ನೆಟ್ ಅವತ್ತು ಬಲು ನಿಧಾನ, ಡೌನ್‌ಲೋಡ್ ಮುಗಿಯೋತನಕ ಕಾದು ಮತ್ತೆ ಮೊದಲಿಂದ ರಿಕವರಿಗೆ ಹಾಕಿದೆ. ಪ್ರತಿ ಸಲ ಏನಾಗ್ತಿದೆ ಅಂತ ಮೇಷ್ಟ್ರಿಗೆ ಹೇಳ್ತಾ ಹೋದೆ, ಅವರು ಎರಡು ಕಾಫಿ ಕುಡಿದು ಕೂತೇ ಇದ್ರು. ಎಲ್ಲಾ ಉಳ್ಕೊಂಡು ಆನ್ ಆಯ್ತು. ಬ್ಯಾಕಪ್ ಇದ್ಯಲ್ಲಪ್ಪ, ಮಗಳು ಹಾಕಿಕೊಟ್ಟಿದ್ದಾಳೆ ಅಂದ್ರು. ಕೊನೇ ತಾರೀಕು ತೆಗೆದು ತೋರಿಸಿದೆ, ಜಾಗ ತುಂಬಿ ಎಂಟು ತಿಂಗಳ ಹಿಂದೆನೇ ನಿಂತುಹೋಗಿತ್ತು. ಬೇಡದ ವಿಡಿಯೋಗಳನ್ನ ಅವರೇ ಆರಿಸಿ ಅಳಿಸಿದ್ರು, ನಾನು ಬ್ಯಾಕಪ್ ಶುರು ಮಾಡಿ, ಅದು ಮುಗಿದು ಅವತ್ತಿನ ತಾರೀಕು ಬಂದ್ಮೇಲೆ ಫೋನ್ ಕೈಗೆ ಕೊಟ್ಟೆ.