12 ಸೆಂಟಿಮೀಟರ್

ಇವತ್ತು ಪೋರ್ಷೆ ಕಂಪನಿಯ ಎರಡು ಹಳೆಯ ರೇಸ್ ಕಾರುಗಳು, 956 ಮತ್ತು 962, ಅಕ್ಕಪಕ್ಕ ನಿಂತಿರುವ ಫೋಟೋ ಒಂದು ಕಣ್ಣಿಗೆ ಬಿತ್ತು. ಮೊದಲ ನೋಟಕ್ಕೆ ಎರಡೂ ಒಂದೇ. ಆಮೇಲೆ ಮುಂದಿನ ಚಕ್ರ ನೋಡಿದೆ.

962ರಲ್ಲಿ ಅದು ಸ್ವಲ್ಪ ಮುಂದಕ್ಕೆ ಸರಿದಿದೆ. ಹಿಂದಿನ ಚಕ್ರಕ್ಕೂ ಮುಂದಿನದಕ್ಕೂ ನಡುವೆ 2650 ಮಿಲಿಮೀಟರ್ ಇದ್ದದ್ದು 2770 ಆಗಿದೆ. ಒಂದು ಗೇಣೂ ಇಲ್ಲ!

ಕಾರಣ, ಡ್ರೈವರ್‌ನ ಪಾದ.

956ರಲ್ಲಿ ಪೆಡಲ್‌ಗಳು ಮುಂದಿನ ಆಕ್ಸಲ್‌ಗಿಂತಲೂ (ಚಕ್ರಗಳ ಅಚ್ಚಿಗಿಂತಲೂ) ಮುಂದೆ ಇದ್ದವು. ಎದುರಿಗೆ ಗುದ್ದಿದರೆ ಮೊದಲು ಸಿಗುವುದು ಕಾಲೇ. ಅಮೆರಿಕದ ಇಮ್ಸಾ ರೇಸ್‌ಗಳ ನಿಯಮ ಇದನ್ನು ಒಪ್ಪಲಿಲ್ಲ. ಪಾದ ಆಕ್ಸಲ್‌ನ ಹಿಂದೆಯೇ ಇರಬೇಕು ಅಂದಿತು. 1984ಕ್ಕೆ 962 ಬಂತು. ಎಷ್ಟು ಒಳ್ಳೆಯ ನಿಯಮ ಅಲ್ವಾ?

ಈ ಕಾರುಗಳನ್ನು ಪೋರ್ಷೆ ಬೇರೆ ತಂಡಗಳಿಗೂ ಮಾರಿತು. ಅದೇ ನನಗೆ ಜಾಸ್ತಿ ಇಷ್ಟ. ಸುಮ್ನೆ ಯೋಚಿಸಿ, ತಮ್ಮ ಡ್ರೈವರ್‌ಗಷ್ಟೇ ಹೊಂದುವ ಕಾರು ಮಾಡುವುದು ಒಂದು ಕೆಲಸ. ಯಾರೋ ಕೊಂಡು, ಯಾರೋ ಓಡಿಸಿ, ನಡುರಾತ್ರಿ ಪಿಟ್‌ನಲ್ಲಿ ಇನ್ಯಾರೋ ಮೆಕ್ಯಾನಿಕ್ ಬಿಚ್ಚಿ ಜೋಡಿಸಿದರೂ 24 ಗಂಟೆ ತಾಳುವ ಕಾರು ಮಾಡುವುದು ಬೇರೆಯೇ ಕೆಲಸ. ಅವನ ಸ್ಪ್ಯಾನರ್‌ಗೆ ಪ್ರತಿಯೊಂದು ಬೋಲ್ಟೂ ಸಲೀಸಾಗಿ ಸಿಗಬೇಕು.

ಯೋಸ್ಟ್ ಎಂಬ ಖಾಸಗಿ ತಂಡದ 956, ಚಾಸಿ ನಂಬರ್ 117, ಫ್ರಾನ್ಸ್‌ನ 24 ಗಂಟೆಗಳ ರೇಸ್ ಲ ಮಾನ್‌ನಲ್ಲಿ 1984ರಲ್ಲಿ ಗೆದ್ದಿತು. 1985ರಲ್ಲಿ ಮತ್ತೆ ಅದೇ ಕಾರು ಗೆದ್ದಿತು! ಆ ವರ್ಷ ಪೋರ್ಷೆ ಕಂಪನಿಯ ಸ್ವಂತ ತಂಡ 962ರದೇ ಒಂದು ರೂಪವಾದ ಹೊಸ 962ಸಿ ತಂದಿತ್ತು. ಎರಡನೇ ಸ್ಥಾನವೂ ಅವರಿಗೆ ಸಿಗಲಿಲ್ಲ. ಅದು ಇನ್ನೊಂದು ಖಾಸಗಿ ತಂಡದ 956ಕ್ಕೆ ಹೋಯಿತು.